ಚಿಮಣಿಯಿಲ್ಲದ ಮನೆ

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಮುಖ್ಯ ನೆಲದಿಂದ ಹಡಗಿನಲ್ಲಿ ಸುಮಾರು ಎರಡೂವರೆ ತಾಸು ದೂರದಲ್ಲಿ, ಲೂಯಿಸ್ ಎಂಬ ದ್ವೀಪವಿದೆ. ಅದರ ಪಡುವಣ ದಂಡೆಯ ಒಂದು ಹಳ್ಳಿ ಆರ್ನೋಲ್. ಹಳ್ಳಿಯೆಂದರೆ ಒಂದು ರಸ್ತೆ. ಅದರ ಬದಿಗೆ ಗೆರೆ ಎಳೆದು ಹಂಚಿಕೊಟ್ಟಂತಿರುವ ಉದ್ದುದ್ದ ಹೊಲದ ಪಟ್ಟಿಗಳು, ಪಟ್ಟಿಗೊಂದು ಮನೆ, ಆಚೆಗೆ ಅಟ್ಲಾಂಟಿಕ್ ಕಡಲು. ಈ ಹಳ್ಳಿಯ 42ನೆಯ ನಂಬರಿನ ಮನೆಯಲ್ಲಿ 1966ರ ತನಕ ಒಂದು ಸಂಸಾರ ವಾಸವಿತ್ತು. ಅವರು ಹೊಸ ಮನೆಗೆ ಹೋದರು, ಹಳೆಯದು ಖಾಲಿಯಾಯಿತು. ಅದಕ್ಕೆ ಚಿಮಣಿ ಇಲ್ಲ. ಕಿಟಕಿ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ದನಕ್ಕೂ ಜನಕ್ಕೂ ಒಂದೇ ಬಾಗಿಲು. ದೂರದಿಂದ ನೋಡಿದರೆ ಮನೆಗಿಂತ ಹೆಚ್ಚಾಗಿ ಮಳೆಗೆ ನೆನೆದು ಕುಗ್ಗಿದ ಹುಲ್ಲಿನ ಬಣವೆಯಂತೆ ಕಾಣುತ್ತದೆ.

ನಾನು ಈ ಮನೆಯನ್ನು ನೋಡಲೆಂದೇ ಹೊರಟದ್ದಲ್ಲ. ನನ್ನ ಪಿಎಚ್.ಡಿ. ಸಂಶೋಧನೆ ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳ ಮೇಲೆ. ಕನ್ನಡದಲ್ಲಿ ಇತಿಹಾಸ ಓದಿದವರಿಗೆ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದವನು ಅವನು. ಅಳತೆಯ ಜೊತೆಜೊತೆಗೇ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರನ್ನು ಊರೂರಿಗೆ ಕಳಿಸಿ ಶಾಸನ, ಓಲೆಗರಿ, ಸ್ಥಳಪುರಾಣ, ಪಾಳೆಯಗಾರರ ವಂಶಾವಳಿಗಳನ್ನು ಬರೆಸಿ ತರಿಸಿದ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಆ ರಾಶಿಯಿಂದಲೇ ಬಂದದ್ದು. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಅವನ ಸುತ್ತ ಮೂವರು ಭಾರತೀಯ ಸಹಾಯಕರು ನಿಂತಿದ್ದಾರೆ, ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟ ಕಾಣುತ್ತಾನೆ. ಈ ಮನುಷ್ಯ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟಾರ್ನೋವೇ ಪೇಟೆಯಲ್ಲಿ. ಭಾರತಕ್ಕೆ ಹೊರಡುವ ಮುನ್ನ ಅಲ್ಲೇ ಸುಂಕದ ಅಧಿಕಾರಿಯಾಗಿದ್ದ. ಲಂಡನ್ನಿನ ಗ್ರಂಥಾಲಯದ ಕೆಲಸ ಮುಗಿದ ಮೇಲೆ ಉಳಿದ ನಾಲ್ಕು ದಿನ ಅವನ ಊರನ್ನೊಮ್ಮೆ ನೋಡೋಣವೆಂದು ಹೋದೆ. ಪೇಟೆಯಿಂದ ಆರ್ನೋಲ್‌ಗೆ 15 ಮೈಲಿ.

ಕಟ್ಟಡದಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಈ ಮನೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅದರ ಹೊಗೆಯಿಂದ ಶುರುಮಾಡಿ ಹೊಗೆಯಲ್ಲೇ ಮುಗಿಸಿದ್ದಾರೆ. ಗೋಡೆ ಒಂದಲ್ಲ, ಎರಡು. ಗಾರೆಯಿಲ್ಲದೆ ಕಾಡುಗಲ್ಲನ್ನು ಒಂದರ ಮೇಲೊಂದು ಕೂರಿಸಿ ಒಳಗೊಂದು, ಹೊರಗೊಂದು ಗೋಡೆ ಎಬ್ಬಿಸಿ, ನಡುವಿನ ಜಾಗಕ್ಕೆ ಮಣ್ಣು, ಪೀಟಿನ ಪುಡಿ ತುಂಬಿದ್ದಾರೆ. ಎಲ್ಲ ಸೇರಿ ಒಂದಾಳು ಉದ್ದದಷ್ಟು ದಪ್ಪ. ಮೂಲೆಗಳು ದುಂಡಗೆ. ನಮ್ಮ ಮಲೆನಾಡಿನವರು ಮನೆ ಕಟ್ಟುವಾಗ ಮಾಡನ್ನು ಗೋಡೆಯಿಂದ ಆಚೆಗೆ ಚಾಚಿ, ಇಳಿಸಿ, ಸೂರಿನ ನೀರು ಗೋಡೆಗೆ ಸಿಡಿಯದಂತೆ ನೋಡಿಕೊಳ್ಳುತ್ತಾರಲ್ಲ, ಇಲ್ಲಿ ನಡೆದಿರುವುದು ಅದಕ್ಕೆ ತದ್ವಿರುದ್ಧ. ಮಾಡು ಕೂತಿರುವುದು ಒಳಗೋಡೆಯ ಮೇಲೆ. ಹೊರಗೋಡೆಯ ತಲೆ ಅಗಲವಾದ ಜಗಲಿಯಂತೆ ಬಯಲಿಗೆ ಬಿಟ್ಟುಕೊಂಡಿದೆ, ಅದರ ಮೇಲೆ ಹುಲ್ಲು ಬೆಳೆದಿದೆ. ಮಾಡಿನ ನೀರು ನೇರ ಗೋಡೆಯ ಹೊಟ್ಟೆಗೇ ಇಳಿಯುತ್ತದೆ.

ಮೊದಲು ನೋಡಿದಾಗ ಇದೆಂಥ ಕಟ್ಟುಬುದ್ಧಿ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಆ ಗೋಡೆಯ ಪಕ್ಕ ನಿಂತರೆ ಅರ್ಥವಾಗುತ್ತದೆ. ಅಲ್ಲಿ ಮಳೆಗಿಂತ ದೊಡ್ಡ ಶತ್ರು ಗಾಳಿ. ಅಟ್ಲಾಂಟಿಕ್ ಕಡೆಯಿಂದ ಬರುವ ಚಳಿಗಾಲದ ಬಿರುಗಾಳಿಗೆ ಚಾಚಿದ ಸೂರು ಸಿಕ್ಕರೆ ಛತ್ರಿಯಂತೆ ಎತ್ತಿ ಎಸೆಯುತ್ತದೆ. ಆದ್ದರಿಂದ ಚಾಚುವ ಹಾಗೇ ಇಲ್ಲ. ಚೂಪು ಮೂಲೆ, ಎತ್ತರದ ತ್ರಿಕೋನದ ಗೋಡೆ, ಗಾಳಿಗೆ ಹಿಡಿ ಸಿಗುವಂಥದ್ದು ಯಾವುದೂ ಇಲ್ಲ. ನೀರು ಗೋಡೆಯ ನಡುವಿನ ಮಣ್ಣಿಗೆ ಇಳಿದು ಅದನ್ನು ಸದಾ ತೇವವಾಗಿಡುತ್ತದೆ, ತೇವದ ಮಣ್ಣು ಕಲ್ಲಿನ ಸಂದಿಗಳಲ್ಲಿ ಗಾಳಿ ನುಗ್ಗದಂತೆ ತಡೆಯುತ್ತದೆ. ಕಲ್ಲುಗಳನ್ನು ಹೊರಗಡೆಗೆ ತುಸು ಓರೆಯಾಗಿ ಕೂರಿಸಿರುವುದರಿಂದ ನೀರು ಒಳಕ್ಕೆ ಬರದೆ ಹೊರಕ್ಕೆ ಜಾರುತ್ತದೆ. ಬರೆದಿಟ್ಟ ನಕ್ಷೆಯಿಲ್ಲದೆ, ಎಂಜಿನಿಯರ್ ಇಲ್ಲದೆ, ಊರವರು ಕೈಕೂಡಿಸಿ ಕಟ್ಟುತ್ತಿದ್ದ ಮನೆಯಿದು.

ದ್ವೀಪದಲ್ಲಿ ಮರವಿಲ್ಲ. ಇಂದು ಸ್ಟಾರ್ನೋವೇಯ ಕೋಟೆಯ ಸುತ್ತ ಕಾಣುವ ತೋಪು ಕೂಡ 19ನೆಯ ಶತಮಾನದಲ್ಲಿ ನೆಟ್ಟದ್ದು. ತೊಲೆಗೆ, ಜಂತಿಗೆ ಬೇಕಾದ ಮರ ಕಡಲು ತಂದು ದಡಕ್ಕೆ ಹಾಕಿದ್ದು, ಒಡೆದ ಹಡಗಿನದು, ಇಲ್ಲವೇ ದುಡ್ಡು ಕೊಟ್ಟು ತಂದದ್ದು. ಒಂದೊಂದು ತುಂಡೂ ಅಮೂಲ್ಯ. ಅದರ ಮೇಲೆ ಹುಲ್ಲಿನ ಬೇರುಸಹಿತ ಕತ್ತರಿಸಿ ತೆಗೆದ ಮಣ್ಣಿನ ಹೆಂಟೆಗಳು, ಅದರ ಮೇಲೆ ಬಾರ್ಲಿಯ ಹುಲ್ಲು. ಹುಲ್ಲು ಉದ್ದ ಸಿಗಲೆಂದು ಬಾರ್ಲಿಯನ್ನು ಕುಡುಗೋಲಿನಿಂದ ಕೊಯ್ಯದೆ ಬೇರುಸಹಿತ ಕೀಳುತ್ತಿದ್ದರು. ಹೊದಿಕೆಯ ಮೇಲೆ ಹಗ್ಗಗಳನ್ನು ಹಾಯಿಸಿ, ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದಾರೆ. ಗಾಳಿ ಬೀಸಿದಾಗ ಆ ಕಲ್ಲುಗಳೇ ಮಾಡನ್ನು ಹಿಡಿದಿಡುತ್ತವೆ. ಹೊದಿಸುವವರು ಮೇಲೇರಲು ಗೋಡೆಯಲ್ಲೇ ಚಾಚಿಕೊಂಡ ಮೆಟ್ಟಿಲುಗಲ್ಲುಗಳಿವೆ.

ಬಾಗಿಲು ದಾಟಿ ಒಳಗೆ ಹೋದರೆ ಒಂದು ಕಡೆ ಕೊಟ್ಟಿಗೆ, ಇನ್ನೊಂದು ಕಡೆ ವಾಸದ ಮನೆ. ನೆಲ ಕೊಟ್ಟಿಗೆಯ ಕಡೆಗೆ ಇಳಿಜಾರು. ಉತ್ತರ ಕರ್ನಾಟಕದ ಮಾಳಿಗೆ ಮನೆಗಳನ್ನು ಕಂಡವರಿಗೆ ಇದು ಪರಿಚಿತವೇ: ಮೊದಲು ದನ ಕಟ್ಟುವ ಅಂಕಣ, ಅದನ್ನು ದಾಟಿ ಕಟ್ಟೆಯ ಮೇಲೆ ಪಡಸಾಲೆ. ದನದ ಮೈಬಿಸಿ ಮನೆಗೆ, ಒಲೆಯ ಬಿಸಿ ದನಕ್ಕೆ. ಚಳಿಗಾಲವಿಡೀ ಸಗಣಿ ಅಲ್ಲೇ ಕೂಡಿಕೊಳ್ಳುತ್ತಿತ್ತು, ವಸಂತದಲ್ಲಿ ಹೊಲಕ್ಕೆ ಹೋಗುತ್ತಿತ್ತು. ಇನ್ನೂ ಹಳೆಯ ಮನೆಗಳಲ್ಲಿ ಕೊಟ್ಟಿಗೆಯ ಕೊನೆಯ ಗೋಡೆಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಗೊಬ್ಬರ ಹೊರತೆಗೆದು ಮತ್ತೆ ಕಟ್ಟುತ್ತಿದ್ದರಂತೆ. ಗಾರೆಯಿಲ್ಲದ ಗೋಡೆಯ ಅನುಕೂಲ ಇದು. ಮನೆಯ ಬೆನ್ನಿಗೆ ಅಂಟಿಕೊಂಡು ಕಣಜ. ಅದರ ಬಾಗಿಲಿಗೆ ಎದುರಾಗಿ ಗೋಡೆಯಲ್ಲಿ ತಗ್ಗಾದ ಒಂದು ಕಂಡಿ ಇದೆ. ಎರಡನ್ನೂ ತೆರೆದರೆ ಗಾಳಿ ಒಳಗಿಂದ ಹಾಯುತ್ತದೆ, ಮಳೆಯ ದಿನವೂ ಕಾಳು ತೂರಬಹುದು. ನಾವು ಬಯಲಲ್ಲಿ ಗಾಳಿಗೆ ಕಾಯುತ್ತೇವೆ, ಅವರು ಗಾಳಿಯನ್ನು ಮನೆಯೊಳಕ್ಕೆ ಬೇಕಾದಷ್ಟೇ ಬಿಟ್ಟುಕೊಂಡರು.

ನಡುಮನೆಯ ನೆಲದ ಮಧ್ಯದಲ್ಲಿ ಬೆಂಕಿ. ಒಲೆಯಿಲ್ಲ, ಚಪ್ಪಟೆ ಕಲ್ಲುಗಳ ಮೇಲೆ ಪೀಟ್ ಉರಿಯುತ್ತಿರುತ್ತದೆ. ಪೀಟ್ ಎಂದರೆ ಜವುಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಾದ ಸಸ್ಯಗಳ ಕಪ್ಪು ಮಣ್ಣು. ಇಟ್ಟಿಗೆಯಂತೆ ಕಡಿದು ಬೇಸಿಗೆಯಲ್ಲಿ ಒಣಗಿಸಿದರೆ ಸೌದೆ. ಮರವಿಲ್ಲದ ದ್ವೀಪಕ್ಕೆ ಅದೇ ಗತಿ. ಈ ಬೆಂಕಿಯನ್ನು ಆರಲು ಬಿಡುತ್ತಿರಲಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮುಚ್ಚುವುದು, ಬೆಳಗ್ಗೆ ಕೆದಕಿ ಎಬ್ಬಿಸುವುದು. ದಕ್ಷಿಣದ ದ್ವೀಪಗಳಲ್ಲಿ ಕೆಂಡ ಮುಚ್ಚುವಾಗ ಹೆಂಗಸರು ಹೇಳುತ್ತಿದ್ದ ಪ್ರಾರ್ಥನೆಗಳನ್ನು ಅಲೆಕ್ಸಾಂಡರ್ ಕಾರ್ಮೈಕೇಲ್ ಸಂಗ್ರಹಿಸಿ 1900ರಲ್ಲಿ ಪ್ರಕಟಿಸಿದ್ದಾನೆ. ಹೊಗೆ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಏರಿ, ಹುಲ್ಲಿನ ನಡುವೆ ಮೆಲ್ಲಗೆ ಸೋಸಿಕೊಂಡು ಹೊರಗೆ. ನಾನು ಹೋದಾಗಲೂ ಬೆಂಕಿ ಉರಿಯುತ್ತಿತ್ತು. ಕಣ್ಣು ಉರಿದದ್ದು ನಿಜ. ಬೆಂಚಿನ ಮೇಲೆ ಕೂತ ಮೇಲೆ ಹೊಗೆಯ ಪದರ ತಲೆಯ ಮೇಲೆ ನಿಂತಿತ್ತು, ಕೆಳಗೆ ಉಸಿರಾಟಕ್ಕೆ ಅಡ್ಡಿಯಿರಲಿಲ್ಲ. ಅಲ್ಲಿಯ ಪೀಠೋಪಕರಣಗಳೆಲ್ಲ ತಗ್ಗಾಗಿರುವುದು ಸುಮ್ಮನೆ ಅಲ್ಲ.

ಹೊಗೆಗೆ ಇನ್ನೊಂದು ಕೆಲಸವಿತ್ತು. ಮಾಡಿನ ಹುಲ್ಲು ವರ್ಷವಿಡೀ ಮಸಿ ಕುಡಿದು ಕಪ್ಪಾಗುತ್ತದೆ. ಬೇಸಿಗೆಯ ಹೊತ್ತಿಗೆ ಆ ಹುಲ್ಲನ್ನು ಕಿತ್ತು ಆಲೂಗಡ್ಡೆಯ, ಬಾರ್ಲಿಯ ಹೊಲಕ್ಕೆ ಗೊಬ್ಬರವಾಗಿ ಹಾಕಿ, ಹೊಸ ಹುಲ್ಲು ಹೊದಿಸುತ್ತಿದ್ದರು. ಹೊಲದಲ್ಲಿ ಬೆಳೆದ ಹುಲ್ಲು ಮಾಡಿಗೆ, ಮಾಡಿನ ಹುಲ್ಲು ಮತ್ತೆ ಹೊಲಕ್ಕೆ. ಜೊತೆಗೆ ದನದ ಸಗಣಿ, ಕಡಲಿನ ಪಾಚಿ. ತೆಳ್ಳನೆಯ ಹುಳಿ ಮಣ್ಣಿನ ಆ ಹೊಲಗಳಲ್ಲಿ ಏನಾದರೂ ಬೆಳೆಯಬೇಕಾದರೆ ಇದಿಷ್ಟೂ ಬೇಕಿತ್ತು. ಹಾಗೆ ನೋಡಿದರೆ ಚಿಮಣಿ ಇಟ್ಟರೆ ಬೆಳೆಗೆ ನಷ್ಟ. ಈ ಮನೆಯನ್ನು ವಾಸದ ಜಾಗ ಎಂದಷ್ಟೇ ಕರೆದರೆ ಅರ್ಧ ಹೇಳಿದಂತೆ. ಅದು ಗೊಬ್ಬರ ತಯಾರಿಸುವ ಯಂತ್ರವೂ ಆಗಿತ್ತು, ಜನ ಅದರೊಳಗೆ ಬಾಳುತ್ತಿದ್ದರು.

ಇಂಥ ಮನೆಗೆ ಗೇಲಿಕ್ ಭಾಷೆಯಲ್ಲಿ ‘ತೈ ದು’, ಅಂದರೆ ಕರಿಮನೆ ಎಂದು ಹೆಸರು. ಮಸಿಯಿಂದ ಬಂದ ಹೆಸರೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹೆಸರು ಹಳೆಯದಲ್ಲ. 19ನೆಯ ಶತಮಾನದ ನಡುವಿನಲ್ಲಿ ಗಾರೆಯ ಗೋಡೆಯ, ಚಿಮಣಿಯ ಹೊಸ ಬಗೆಯ ಮನೆಗಳು ಬಂದವು. ಅವು ‘ತೈ ಗ್ಯಾಲ್’, ಬಿಳಿಮನೆ. ಬಿಳಿಮನೆ ಬಂದ ಮೇಲೆ ಉಳಿದದ್ದು ಕರಿಮನೆಯಾಯಿತು. ಅದಕ್ಕೂ ಮೊದಲು ಅದು ಬರೀ ಮನೆ. ಹುಲ್ಲುಮಾಡು ಎಂಬ ಅರ್ಥದ ಗೇಲಿಕ್ ಪದವೇ ಕಿವಿಗೆ ‘ಕರಿ’ ಎಂಬಂತೆ ಕೇಳಿ ಹೀಗಾಗಿರಬಹುದು ಎಂಬ ವಾದವೂ ಇದೆ. ನನಗೆ ಮೊದಲನೆಯ ವಿವರಣೆಯೇ ಹೆಚ್ಚು ಒಪ್ಪುವಂತೆ ಕಾಣುತ್ತದೆ, ಯಾಕೆಂದರೆ ಹೆಸರಿಡುವವರು ಬಹಳ ಸಲ ಒಳಗೆ ಇರುವವರಾಗಿರುವುದಿಲ್ಲ.

ಹೊರಗಿನವರು ಇದನ್ನು ಕಂಡ ಬಗೆ ಎರಡು. ಒಂದು ಅಸಹ್ಯ, ಇನ್ನೊಂದು ಬೆರಗು. ಅಸಹ್ಯಪಟ್ಟವರು ಪ್ರವಾಸಿಗರು, ಜಮೀನಿನ ಮ್ಯಾನೇಜರುಗಳು, ಆಮೇಲೆ ವೈದ್ಯಾಧಿಕಾರಿಗಳು. ಬೆರಗಾದವರು ಪ್ರಾಚೀನ ವಸ್ತುಗಳ ಹುಚ್ಚಿನವರು. ವಿಕ್ಟೋರಿಯಾ ಕಾಲದ ಈ ವಿದ್ವಾಂಸರಿಗೆ ಲೂಯಿಸ್ ಒಂದು ಜೀವಂತ ಶಿಲಾಯುಗ. ಇತಿಹಾಸಪೂರ್ವ ಕಾಲದ ಮನೆ ಹೇಗಿತ್ತೆಂದು ತಿಳಿಯಲು ಅಗೆಯಬೇಕಿಲ್ಲ, ಬಾಗಿಲು ತಟ್ಟಿದರೆ ಸಾಕು ಎಂಬ ಉತ್ಸಾಹ. ಅವರ ನಡುವೆ ಆರ್ಥರ್ ಮಿಚೆಲ್ ಎಂಬ ವೈದ್ಯನದು ಸ್ವಲ್ಪ ಬೇರೆಯ ದನಿ. 1880ರಲ್ಲಿ ಬಂದ ‘ದಿ ಪಾಸ್ಟ್ ಇನ್ ದಿ ಪ್ರೆಸೆಂಟ್’ ಪುಸ್ತಕದಲ್ಲಿ ಅವನು ಈ ದ್ವೀಪದ ಮನೆ, ಮಡಕೆಗಳನ್ನು ವಿವರಿಸುತ್ತಲೇ, ಒರಟು ವಸ್ತುವನ್ನು ಬಳಸುವವನ ಬುದ್ಧಿಯೂ ಒರಟು ಎಂದು ತೀರ್ಮಾನಿಸುವುದು ತಪ್ಪೆಂದು ಎಚ್ಚರಿಸಿದ. ಆದರೂ ‘ಪ್ರಾಚೀನ’ ಎಂಬ ಪಟ್ಟ ಹೋಗಲಿಲ್ಲ. ವಾಸ್ತವದಲ್ಲಿ ಇಂದು ನಿಂತಿರುವ ಕರಿಮನೆಗಳಲ್ಲಿ ಬಹುಪಾಲು 19ನೆಯ ಶತಮಾನದವು. ಆರ್ನೋಲ್‌ನ ಈ ಮನೆ ಆ ಶತಮಾನದ ಕೊನೆಯ ದಶಕಗಳದು. ಅಂದರೆ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಕಟ್ಟಡದ ಸಮಕಾಲೀನ. ಊರಿನ ಉದ್ದುದ್ದ ಹೊಲದ ಪಟ್ಟಿಗಳು, ಸಾಲಾಗಿ ಹಾಕಿದ ನಂಬರುಗಳು ಕೂಡ ಜಮೀನುದಾರಿ ಆಡಳಿತ ಹೊಸದಾಗಿ ಅಳೆದು ಹಂಚಿದಾಗ ಬಂದವು. 42 ಎಂಬುದು ಮೂಲತಃ ಒಬ್ಬ ಗೇಣಿದಾರನ ಜಮೀನಿನ ನಂಬರು.

ಈ ಮನೆಯನ್ನು ತಿಳಿಯಬೇಕಾದರೆ ಗಾಳಿ, ಗೊಬ್ಬರಗಳ ಜೊತೆಗೆ ಗೇಣಿಯ ಕತೆಯನ್ನೂ ಹೇಳಲೇಬೇಕು. ಲೂಯಿಸ್ ಪೂರ್ತಿ ಒಂದೇ ಮನೆತನದ ಆಸ್ತಿಯಾಗಿತ್ತು. ಮೊದಲು ಸೀಫೋರ್ತ್‌ನ ಮೆಕೆಂಜಿಗಳದು. ನಮ್ಮ ಕಾಲಿನ್ ಮೆಕೆಂಜಿಗೆ ಆಶ್ರಯ ಕೊಟ್ಟವರೂ ಈ ಮನೆತನದವರೇ. 1844ರಲ್ಲಿ ಜೇಮ್ಸ್ ಮ್ಯಾಥೆಸನ್ ಇಡೀ ದ್ವೀಪವನ್ನು 1,90,000 ಪೌಂಡಿಗೆ ಕೊಂಡ. ಆ ದುಡ್ಡು ಎಲ್ಲಿಂದ ಬಂತು ಎಂಬುದು ಭಾರತದ ವಿದ್ಯಾರ್ಥಿಗಳಿಗೆ ಮುಖ್ಯ. ಕಲ್ಕತ್ತೆಯಲ್ಲಿ ವ್ಯಾಪಾರ ಕಲಿತು ಚೀನಾದ ಕ್ಯಾಂಟನ್ ಸೇರಿದ ಈತ 1832ರಲ್ಲಿ ಆರಂಭವಾದ ಜಾರ್ಡಿನ್ ಮ್ಯಾಥೆಸನ್ ಕಂಪನಿಯ ಪಾಲುದಾರ. ಕಂಪನಿಯ ದೊಡ್ಡ ಲಾಭ ಅಫೀಮಿನದು. ಅಫೀಮು ಬೆಳೆದದ್ದು ಬಿಹಾರದಲ್ಲಿ, ಬನಾರಸಿನ ಸುತ್ತ, ಮಾಳವದಲ್ಲಿ. ಮಾಳವದ ರೈತ ಗೀರಿದ ಗಸಗಸೆಯ ಕಾಯಿಯ ಹಾಲು ಮುಂಬಯಿ ದಾಟಿ, ಚೀನಾದಲ್ಲಿ ಹೊಗೆಯಾಗಿ, ಉತ್ತರ ಅಟ್ಲಾಂಟಿಕ್ಕಿನ ಒಂದು ದ್ವೀಪದ ಒಡೆತನವಾಯಿತು. ಸ್ಟಾರ್ನೋವೇಯಲ್ಲಿ ಮ್ಯಾಥೆಸನ್ ಕಟ್ಟಿಸಿದ ಕೋಟೆಯಂಥ ಬಂಗಲೆ ಇವತ್ತಿಗೂ ಇದೆ. ಅದಕ್ಕೆ ಎಷ್ಟು ಚಿಮಣಿ ಎಂದು ಎಣಿಸಲು ಹೊರಟು ಅರ್ಧಕ್ಕೆ ಬಿಟ್ಟೆ.

ಮ್ಯಾಥೆಸನ್‌ನನ್ನು ರಾಕ್ಷಸ ಎನ್ನಲು ಬರುವುದಿಲ್ಲ. 1846ರ ಆಲೂಗಡ್ಡೆ ಕ್ಷಾಮದಲ್ಲಿ ಊಟ ಹಾಕಿದ, ರಸ್ತೆ ಹಾಕಿಸಿದ, ಶಾಲೆ ಕಟ್ಟಿಸಿದ. 1851ರಿಂದ 1855ರ ನಡುವೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ತನ್ನ ಖರ್ಚಿನಲ್ಲೇ ಕೆನಡಾಕ್ಕೂ ಸಾಗಿಸಿದ. ಬಾಕಿ ಉಳಿಸಿಕೊಂಡ ಗೇಣಿದಾರರ ಎದುರಿಗಿದ್ದ ಆಯ್ಕೆ ಎಷ್ಟರಮಟ್ಟಿಗೆ ಆಯ್ಕೆಯಾಗಿತ್ತು ಎಂಬುದನ್ನು ಓದುಗರೇ ಊಹಿಸಬಹುದು. ದ್ವೀಪದ ಪಶ್ಚಿಮದ ಊಯಿಗ್ ಸೀಮೆಯಲ್ಲಿ ಹಳ್ಳಿಗೆ ಹಳ್ಳಿಯೇ ಕುರಿ ಸಾಕಣೆಗಾಗಿ ಖಾಲಿಯಾಗಿದ್ದು ಅವನಿಗಿಂತ ಮೊದಲೇ ಶುರುವಾಗಿತ್ತು. ಗೇಣಿದಾರನ ಹಕ್ಕು ವರ್ಷದಿಂದ ವರ್ಷಕ್ಕೆ. ಮುಂದಿನ ವರ್ಷ ಬಿಡು ಎಂದರೆ ಬಿಡಬೇಕು. ಕಟ್ಟಿದ ಗೋಡೆ, ತೋಡಿದ ಕಾಲುವೆ, ಹದ ಮಾಡಿದ ಹೊಲ ಯಾವುದಕ್ಕೂ ಪರಿಹಾರವಿಲ್ಲ. ಹೈಲ್ಯಾಂಡ್ಸ್‌ನ ಹಲವು ಕಡೆ ಕಲ್ಲು ಒಡೆಯನದು, ಮಾಡಿನ ಮರ ಒಕ್ಕಲಿನದು ಎಂಬ ರೂಢಿಯಿತ್ತು. ಒಕ್ಕಲೆಬ್ಬಿಸಿದಾಗ ಜನ ಜಂತಿಗಳನ್ನು ಬಿಚ್ಚಿ ಹೆಗಲಿಗೇರಿಸಿಕೊಂಡು ಹೊರಟರು. ಮತ್ತೆ ಬಂದು ಸೇರದಂತೆ ಒಡೆಯನ ಕಡೆಯವರು ಮಾಡಿಗೇ ಬೆಂಕಿಯಿಟ್ಟ ಪ್ರಸಂಗಗಳು 1814ರ ಸದರ್ಲೆಂಡ್‌ನ ಕತೆಯಲ್ಲಿ ಬರುತ್ತವೆ. ಮರವಿಲ್ಲದ ಸೀಮೆಯಲ್ಲಿ ಜಂತಿ ಸುಟ್ಟರೆ ಮನೆಯನ್ನೇ ಕೊಂದಂತೆ.

ಈಗ ಮತ್ತೆ ಆ ಗೋಡೆಯನ್ನು ನೋಡಿ. ಗಾರೆಯಿಲ್ಲದ ಕಲ್ಲು, ಬಿಚ್ಚಬಹುದಾದ ಮಾಡು, ಖರ್ಚಿಲ್ಲದ ಹುಲ್ಲು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎನ್ನುವವನು ಸುಣ್ಣದ ಗಾರೆಗೆ, ಗಾಜಿನ ಕಿಟಕಿಗೆ, ಚಿಮಣಿಗೆ ದುಡ್ಡು ಸುರಿಯುತ್ತಾನೆಯೇ? ಸುರಿದರೂ ಅದು ಒಡೆಯನ ಆಸ್ತಿ, ಮೇಲಾಗಿ ಗೇಣಿ ಏರಿಸಲು ಒಂದು ನೆಪ. ತಮಾಷೆಯೆಂದರೆ ಇದೇ ಹೊತ್ತಿಗೆ ಒಡೆಯನ ಆಡಳಿತ ಮನೆಗಳನ್ನು ಸುಧಾರಿಸಿರೆಂದು ನಿಯಮದ ಮೇಲೆ ನಿಯಮ ಹೊರಡಿಸುತ್ತಿತ್ತು. ದನಕ್ಕೂ ಜನಕ್ಕೂ ನಡುವೆ ಗೋಡೆ ಕಟ್ಟಿ, ಕಿಟಕಿ ಇಡಿ, ಚಿಮಣಿ ಇಡಿ, ಮಾಡಿನ ಹುಲ್ಲನ್ನು ಗೊಬ್ಬರಕ್ಕೆಂದು ಕೀಳಬೇಡಿ. ಕೊನೆಯ ನಿಯಮವಂತೂ ಹೊಲಕ್ಕೆ ಬರಬೇಕಾದ್ದನ್ನೇ ನಿಲ್ಲಿಸುವಂಥದ್ದು. ಸುಧಾರಣೆಯ ಖರ್ಚು ಒಕ್ಕಲಿನದು, ಸುಧಾರಿಸಿದ ಮನೆ ಒಡೆಯನದು. ಜನ ನಿಯಮಗಳನ್ನು ಕೇಳಿಸಿಕೊಂಡರು, ಮನೆಗಳನ್ನು ಇದ್ದ ಹಾಗೇ ಇಟ್ಟುಕೊಂಡರು. ಇದನ್ನು ನೋಡಿದವರು ಸೋಮಾರಿಗಳು, ಕೊಳಕರು, ಹಳೆಯದಕ್ಕೆ ಜೋತುಬಿದ್ದವರು ಎಂದು ಬರೆದರು.

1874ರಲ್ಲಿ ಲೂಯಿಸ್‌ಗೆ ಅಂಟಿದ ಬರ್ನೆರಾ ಎಂಬ ಪುಟ್ಟ ದ್ವೀಪದ ಒಕ್ಕಲುಗಳು ತಿರುಗಿಬಿದ್ದರು. ಒಕ್ಕಲೆಬ್ಬಿಸುವ ನೋಟೀಸು ತಂದವರನ್ನು ಅಡ್ಡಗಟ್ಟಿದರು, ಮ್ಯಾಥೆಸನ್‌ನ ಬಂಗಲೆಗೇ ಮೆರವಣಿಗೆ ಹೋದರು. ಮೂವರ ಮೇಲೆ ಮೊಕದ್ದಮೆ ನಡೆದು ಮೂವರೂ ಬಿಡುಗಡೆಯಾದರು. 1882ರಲ್ಲಿ ಪಕ್ಕದ ಸ್ಕೈ ದ್ವೀಪದ ಬ್ರೇಸ್‌ನಲ್ಲಿ ಗೇಣಿದಾರರಿಗೂ ಪೊಲೀಸರಿಗೂ ಕೈಕೈ ಮಿಲಾಯಿಸಿತು. 1951ರ ಕಾಗೋಡು ಸತ್ಯಾಗ್ರಹದ ಬಗ್ಗೆ ಓದಿದವರಿಗೆ ಇಲ್ಲಿಯ ಗತಿ ಅಪರಿಚಿತವೆನ್ನಿಸದು. ಸುದ್ದಿ ಲಂಡನ್ ಮುಟ್ಟಿತು, 1883ರಲ್ಲಿ ಸರ್ಕಾರ ಒಂದು ವಿಚಾರಣಾ ಆಯೋಗ ನೇಮಿಸಿತು.

ಅದರ ಅಧ್ಯಕ್ಷ ಲಾರ್ಡ್ ನೇಪಿಯರ್. 1866ರಿಂದ 1872ರ ತನಕ ಮದರಾಸಿನ ಗವರ್ನರ್ ಆಗಿದ್ದವನು. ಆಗ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳು ಅವನ ಆಡಳಿತಕ್ಕೆ ಸೇರಿದ್ದವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಕಟ್ಟಡ ಎದ್ದದ್ದು ಅವನ ಕಾಲದಲ್ಲಿ. ಈ ನೇಪಿಯರ್ ದ್ವೀಪದಿಂದ ದ್ವೀಪಕ್ಕೆ ತಿರುಗಿ ಗೇಣಿದಾರರ ಮಾತು ಕೇಳಿದ. ಆಯೋಗವನ್ನು ಹೊತ್ತ ‘ಲೈವ್ಲಿ’ ಎಂಬ ನೌಕಾಪಡೆಯ ಹಡಗು ಸ್ಟಾರ್ನೋವೇಯ ಹತ್ತಿರ ಬಂಡೆಗೆ ಬಡಿದು ಮುಳುಗಿತು, ಸದ್ಯ ಜನ ಉಳಿದರು. 700ಕ್ಕೂ ಹೆಚ್ಚು ಸಾಕ್ಷಿಗಳು ಮಾತಾಡಿದರು, ಅನೇಕರು ಗೇಲಿಕ್‌ನಲ್ಲಿ, ದುಭಾಷಿಯ ಮೂಲಕ. ಬ್ರೇಸ್‌ನ ಮೊದಲ ಸಾಕ್ಷಿ ಬಾಯಿ ತೆರೆಯುವ ಮುನ್ನ ಕೇಳಿದ್ದು ಒಂದೇ: ನಿಜ ಹೇಳಿದ್ದಕ್ಕೆ ನನ್ನನ್ನು ಜಮೀನಿನಿಂದ ಓಡಿಸುವುದಿಲ್ಲವೆಂದು ಭರವಸೆ ಕೊಡುತ್ತೀರಾ? ಕೈಫಿಯತ್ತು ಓದುವ ನನಗೆ ಆಯೋಗದ ಸಂಪುಟಗಳು ಹೊಟ್ಟೆಕಿಚ್ಚು ತರಿಸುತ್ತವೆ. ‘ಕೈಫಿಯತ್ತು’ ಎಂಬ ಮಾತಿಗೆ ಹೇಳಿಕೆ ಎಂದೂ ಅರ್ಥವಿದೆ. ಆದರೆ ನಾನು ಓದಿರುವ ಕೈಫಿಯತ್ತುಗಳಲ್ಲಿ ಮಾತಾಡುವವರು ಶಾನುಭೋಗರು, ಸ್ಥಾನಿಕರು, ಪಾಳೆಯಗಾರರ ಮನೆತನದವರು. ಗುಡಿ ಕಟ್ಟಿಸಿದವರ, ಕೆರೆ ಕಟ್ಟಿಸಿದವರ, ಕೋಟೆ ಗೆದ್ದವರ ಸುದ್ದಿ ಬರುತ್ತದೆ. ಗುಡಿಸಲಲ್ಲಿ ಇದ್ದವನು ತನ್ನ ಗುಡಿಸಲು ಯಾಕೆ ಹೀಗಿದೆಯೆಂದು ಹೇಳುವುದು ಬರುವುದಿಲ್ಲ. ಲೂಯಿಸ್‌ನಲ್ಲಿ ಅದನ್ನು ಕೇಳಿದರು, ಬರೆದುಕೊಂಡರು. ನಮ್ಮ ಮನೆ ಹೀಗಿರುವುದು ನಮಗೆ ಭೂಮಿಯ ಭರವಸೆ ಇಲ್ಲದ್ದರಿಂದ ಎಂಬ ಮಾತು ಸಾಕ್ಷಿಗಳ ಬಾಯಲ್ಲಿ ಬರುತ್ತದೆ.

1886ರಲ್ಲಿ ಕಾಯ್ದೆ ಬಂತು. ಅದು ನೇಪಿಯರ್ ಶಿಫಾರಸು ಮಾಡಿದಂತೆಯೇ ಇರಲಿಲ್ಲ, ಐರ್ಲೆಂಡಿನ ಗೇಣಿ ಕಾಯ್ದೆಯ ಜಾಡು ಹಿಡಿದಿತ್ತು. ಗೇಣಿ ಕಟ್ಟುವ ತನಕ ಒಕ್ಕಲೆಬ್ಬಿಸುವಂತಿಲ್ಲ, ಗೇಣಿಯನ್ನು ನ್ಯಾಯಮಂಡಳಿ ನಿಗದಿ ಮಾಡುತ್ತದೆ, ಹಕ್ಕು ಮಕ್ಕಳಿಗೆ ಹೋಗುತ್ತದೆ, ಬಿಟ್ಟುಹೋಗುವಾಗ ಮಾಡಿದ ಸುಧಾರಣೆಗೆ ಪರಿಹಾರ ಸಿಗುತ್ತದೆ. ಭೂಮಿ ಸಾಲದಿದ್ದವರಿಗೆ ಭೂಮಿ ಕೊಡುವ ಮಾತು ಮಾತ್ರ ಅದರಲ್ಲಿ ಗಟ್ಟಿಯಾಗಿರಲಿಲ್ಲ, ಅದಕ್ಕಾಗಿ ಲೂಯಿಸ್‌ನಲ್ಲಿ ಜಗಳ ಮುಂದೆಯೂ ನಡೆಯಿತು. ಆದರೂ ಮನೆಗಳ ಮಟ್ಟಿಗೆ ಇದು ತಿರುವು. ಮಾಡಿದ್ದು ತನ್ನದೇ ಎಂದು ಗೊತ್ತಾದ ಮೇಲೆ ಜನ ನಿಧಾನಕ್ಕೆ ಗಾರೆಗೆ, ಗಾಜಿಗೆ ಕೈಹಾಕಿದರು. ಬಡತನ ಒಂದೇ ದಿನಕ್ಕೆ ಹೋಗುವುದಿಲ್ಲವಾದ್ದರಿಂದ ಹಳೆಯ ಮಾದರಿಯೂ ಮುಂದುವರಿಯಿತು. ನಮ್ಮ 42ನೆಯ ನಂಬರು ಈ ಎರಡು ಕಾಲಗಳ ಹೊಸ್ತಿಲ ಮೇಲೆ ನಿಂತ ಮನೆ. ಆಕಾರ ಹಳೆಯದು, ಆದರೆ ವಾಸದ ಭಾಗವನ್ನು ಕೊಟ್ಟಿಗೆಯಿಂದ ಬೇರ್ಪಡಿಸಿದ್ದಾರೆ, ಮಲಗಲು ಬೇರೆ ಕೋಣೆಯಿದೆ, ಅದರಲ್ಲಿ ಪೆಟ್ಟಿಗೆಯಂಥ ಹಲಗೆಯ ಮಂಚಗಳಿವೆ.

ಎದುರುಬದಿಗೆ 39ನೆಯ ನಂಬರಿನ ಬಿಳಿಮನೆ. 1920ರ ದಶಕದ್ದು. ಆ ಹೊತ್ತಿಗೆ ಸರ್ಕಾರದ ಸಾಲ, ಸಹಾಯಧನ ಸಿಗತೊಡಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಲೂಯಿಸ್‌ನಲ್ಲಿ ಕ್ಷಯರೋಗ ವಿಪರೀತವಾಗಿತ್ತು, ವೈದ್ಯಾಧಿಕಾರಿಗಳು ಕರಿಮನೆಯ ಕತ್ತಲೆಯನ್ನೂ ಇಕ್ಕಟ್ಟನ್ನೂ ದೂರಿದರು. ಆ ದೂರನ್ನು ಸಾರಾಸಗಟಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೊಗೆಯ ಪದರದ ಕೆಳಗೆ ಅರ್ಧ ಗಂಟೆ ಕೂತು ಎದ್ದುಬರುವ ಪ್ರವಾಸಿಗೆ ಅದು ಸುಂದರ, ಅಲ್ಲೇ ಹೆತ್ತು ಬಾಣಂತನ ಮಾಡಿಸಿಕೊಂಡವಳಿಗೆ ಹಾಗಿರಬೇಕಿಲ್ಲ. ನಮ್ಮ ಮಣ್ಣಿನ ಮನೆಗಳ ಬಗ್ಗೆ ನಗರದಲ್ಲಿ ಕೂತು ಬರೆಯುವ ಲೇಖನಗಳಲ್ಲಿ ಈ ಬಾಣಂತಿ ಸಾಮಾನ್ಯವಾಗಿ ನಾಪತ್ತೆ. ಬಿಳಿಮನೆಗೆ ಹೋದವರು ದೊಡ್ಡ ಕಿಟಕಿಯನ್ನು ಇಷ್ಟಪಟ್ಟರು, ಮಹಡಿಯ ಕೋಣೆಯನ್ನು ಇಷ್ಟಪಟ್ಟರು. ಜೊತೆಗೆ ಚಳಿಯೆಂದು ಗೊಣಗಿದವರೂ ಇದ್ದರು. ತೆಳುಗೋಡೆ, ಬೆಂಕಿಯ ಬಿಸಿಯನ್ನು ಮೇಲಕ್ಕೆ ಎಳೆದುಕೊಂಡು ಹೋಗುವ ಚಿಮಣಿ, ಪಕ್ಕದಲ್ಲಿ ದನದ ಮೈಬಿಸಿಯೂ ಇಲ್ಲ. ಎರಡೂ ನಿಜ.

ಊರಿನಲ್ಲಿ ಕರಿಮನೆಗಳ ಪಾಳು ಇನ್ನೂ ಹಲವಿವೆ. ಅನೇಕ ಕಡೆ ಹೊಸ ಮನೆಯನ್ನು ಹಳೆಯದರ ಪಕ್ಕದಲ್ಲೇ ಕಟ್ಟಿಕೊಂಡು, ಹಳೆಯದನ್ನು ಕೊಟ್ಟಿಗೆಯಾಗಿ, ಆಮೇಲೆ ಉಗ್ರಾಣವಾಗಿ, ಕೊನೆಗೆ ಏನೂ ಅಲ್ಲದ್ದಾಗಿ ಬಿಟ್ಟಿದ್ದಾರೆ. ಬೀಳುವ ಕ್ರಮ ಎಲ್ಲ ಕಡೆ ಒಂದೇ. ಮೊದಲು ಬೆಂಕಿ ಆರುತ್ತದೆ. ಹೊಗೆಯಿಲ್ಲದ ಹುಲ್ಲು ತೇವ ಹೀರಿ ಕೊಳೆಯುತ್ತದೆ. ಮಾಡು ಕುಸಿದ ಮೇಲೆ ಗೋಡೆ ಹೊಟ್ಟೆ ಬಿಡುತ್ತದೆ. ಕೊನೆಗೆ ದುಂಡು ಮೂಲೆಯ ಕಲ್ಲಿನ ಪಾಯ, ಅದರೊಳಗೆ ಎದೆಯೆತ್ತರದ ತುರಿಕೆ ಗಿಡ. ಗೊಬ್ಬರ ಬಿದ್ದ ನೆಲದಲ್ಲಿ ಆ ಗಿಡ ಸೊಕ್ಕಿ ಬೆಳೆಯುತ್ತದೆ, ಹಾಗಾಗಿ ದನ ಕಟ್ಟುತ್ತಿದ್ದ ಜಾಗ ಯಾವುದೆಂದು ಇವತ್ತಿಗೂ ಗೊತ್ತಾಗುತ್ತದೆ.

42ನೆಯ ನಂಬರು ಹಾಗಾಗಲಿಲ್ಲ. ಖಾಲಿಯಾದ ಮೇಲೆ ಅದು ಸರ್ಕಾರದ ಸಂರಕ್ಷಣೆಗೆ ಬಂತು, ಈಗ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆ ನೋಡಿಕೊಳ್ಳುತ್ತದೆ. ಕಲ್ಲಿನ ಗುಡಿಯನ್ನು ಬೇಲಿ ಹಾಕಿ, ಫಲಕ ನೆಟ್ಟು, ಬೀಗ ಹಾಕಿ ಉಳಿಸಬಹುದು. ಈ ಮನೆಯ ವಿಷಯದಲ್ಲಿ ಆ ವಿದ್ಯೆ ನಡೆಯುವುದಿಲ್ಲ. ಮಾಡು ಉಳಿಯಬೇಕಾದರೆ ಹುಲ್ಲು ಒಣಗಿರಬೇಕು, ಹುಲ್ಲು ಒಣಗಿರಬೇಕಾದರೆ ನಡುಮನೆಯಲ್ಲಿ ಬೆಂಕಿ ಇರಬೇಕು. ಹಾಗಾಗಿ ಸಂಬಳದ ಮೇಲ್ವಿಚಾರಕರೊಬ್ಬರು ಬೆಳಗ್ಗೆ ಬಂದು, ಯಾರೂ ವಾಸವಿಲ್ಲದ ಮನೆಯಲ್ಲಿ, ಯಾರಿಗೂ ಅಡುಗೆ ಮಾಡಬೇಕಿಲ್ಲದ ಬೆಂಕಿಗೆ ಪೀಟ್ ಒಟ್ಟುತ್ತಾರೆ. ಆ ದಿನ ಅಲ್ಲಿದ್ದವರು ಕೆಂಡವನ್ನು ಚಿಮಟಿಗೆಯಿಂದ ಸರಿಮಾಡುತ್ತ, ಹೊರಗೆ ಒಟ್ಟಿದ್ದ ಪೀಟಿನ ರಾಶಿಯನ್ನು ತೋರಿಸಿದರು. ಹುಲ್ಲಿನ ಮಾಡಿನಂತೆಯೇ ಇಳಿಜಾರಾಗಿ, ನೀರು ಹೊರಕ್ಕೆ ಜಾರುವಂತೆ ಪೇರಿಸಿದ ರಾಶಿ.